ನೆಲಕ್ಕೆ ಕೂತ ಕಾರು, ವಿಮಾನದ ಪಂಪು

ಕ್ಯಾಲಿಫೋರ್ನಿಯಾದ ವಾಹನ ಕಾಯ್ದೆಯಲ್ಲಿ 24008 ಅಂತ ಒಂದು ಕಲಮು ಇತ್ತು. 1958ರ ಜನವರಿ 1ರಂದು ಜಾರಿಗೆ ಬಂದದ್ದು. ಕಾರನ್ನು ಮಾರ್ಪಾಡು ಮಾಡಿ, ಚಕ್ರ ಬಿಟ್ಟು ಅದರ ಬೇರೆ ಯಾವ ಭಾಗವನ್ನೂ ರಿಮ್ಮಿನ ಕೆಳ ಅಂಚಿಗಿಂತ ಕೆಳಕ್ಕೆ ತರಕೂಡದು ಅನ್ನುವುದು ಅದರ ಸಾರ. ಕಾಗದದ ಮೇಲೆ ಅದರಲ್ಲಿ ಕೊಂಕು ಹುಡುಕುವಂಥದ್ದೇನಿಲ್ಲ. ಟೈರು ಗಾಳಿ ಬಿಟ್ಟು ಕೂತರೂ ಕಾರಿನ ಹೊಟ್ಟೆ ರಸ್ತೆಗೆ ಉಜ್ಜದಿರಲಿ ಅಂದರೆ ಯಾವ ಎಂಜಿನಿಯರಾದರೂ ತಲೆಯಾಡಿಸುತ್ತಾನೆ. ಆದರೆ ಪೂರ್ವ ಲಾಸ್ ಏಂಜಲೀಸಿನ ರಸ್ತೆಗಳಲ್ಲಿ ಆ ಕಲಮಿನ ಕೆಳಗೆ ದಂಡ ಕಟ್ಟುತ್ತಿದ್ದವರು ಬಹುಪಾಲು ಮೆಕ್ಸಿಕನ್ ಮನೆತನಗಳ ಹುಡುಗರು. ಕಾರು ನೆಲಕ್ಕೆ ಕೂತಂತೆ ಕಾಣುವುದೇ ಅವರ ಪ್ರಕಾರ ಕಾರಿನ ಅಂದ. ಆ ದಂಡದಿಂದ ತಪ್ಪಿಸಿಕೊಳ್ಳುವ ಹಟದಲ್ಲಿ, ಬೇಕೆಂದಾಗ ಏರಿಸಿ ಇಳಿಸಬಹುದಾದ ಸಸ್ಪೆನ್ಷನ್ನನ್ನು ಅವರು ಗ್ಯಾರೇಜುಗಳಲ್ಲೇ ಕಟ್ಟಿಕೊಂಡರು. ಅದರ ಮೇಲೆ ಕೂತು ಹೋಗುವವರ ಸೊಂಟಕ್ಕೆ ಸುಖ ಸಿಗಲು ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು. ಯಾಕೆ ಹಿಡಿಯಿತು ಅನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ.

ನಾನು ಕಾರಿನ ಹುಚ್ಚಿನವನಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿ, ಹೈಡ್ರಾಲಿಕ್ ವಿಭಾಗದಲ್ಲೇ ಕೂದಲು ಹಣ್ಣಾಗಿಸಿಕೊಂಡು ನಿವೃತ್ತನಾದವನು. ಮಗಳ ಸಂಸಾರ ಲಾಸ್ ಏಂಜಲೀಸಿನ ಪೂರ್ವಕ್ಕಿರುವ ಮಾಂಟೆಬೆಲ್ಲೊದಲ್ಲಿ. ಊರಿನ ನಡುವೆಯೇ ವಿಟ್ಟಿಯರ್ ಬುಲೆವಾರ್ಡ್ ಹಾದು ಹೋಗುತ್ತದೆ. ಭಾನುವಾರ ಸಂಜೆ ಅಲ್ಲಿ ವಾಕಿಂಗ್ ಹೊರಟರೆ ಹಳೇ ಶೆವ್ರೊಲೆಗಳು ಎತ್ತಿನಗಾಡಿಯ ವೇಗದಲ್ಲಿ ಸಾಲಾಗಿ ಬರುತ್ತವೆ. ನೋಡುವವರ ಕಣ್ಣು ಬಣ್ಣದ ಮೇಲೆ, ಕ್ರೋಮಿನ ಮೇಲೆ. ನನ್ನ ಕಿವಿಗೆ ಬಿದ್ದದ್ದು ಡಿಕ್ಕಿಯೊಳಗಿನ ಒಂದು ಕೊರೆತದ ಸದ್ದು. ಗೇರ್ ಪಂಪು ಭಾರ ಎತ್ತುವಾಗ ಮಾಡುವ ಸದ್ದು ಅದು. ಮೂವತ್ತು ವರ್ಷದ ಮೇಲೆ ಕೇಳಿದ ಸದ್ದನ್ನು ಕಿವಿ ಮರೆಯುವುದಿಲ್ಲ.

ಲೋರೈಡರ್ ಅನ್ನುವ ಈ ಪದ್ಧತಿ ಗಟ್ಟಿಯಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಯುದ್ಧದಿಂದ ಮರಳಿದ ಹುಡುಗರ ಕೈಯಲ್ಲಿ ಒಂದಿಷ್ಟು ದುಡ್ಡಿತ್ತು. ಸೈನ್ಯದಲ್ಲಿ ವೆಲ್ಡಿಂಗು, ಮೆಕ್ಯಾನಿಕ್ ಕೆಲಸ ಕಲಿತವರೂ ಅವರಲ್ಲಿದ್ದರು. ಹೊಸ ಕಾರು ಕೊಳ್ಳುವ ಶಕ್ತಿ ಇರಲಿಲ್ಲ; ಸೆಕೆಂಡ್ ಹ್ಯಾಂಡ್ ಶೆವ್ರೊಲೆ ಅಗ್ಗಕ್ಕೆ ಸಿಗುತ್ತಿತ್ತು. ಅದೇ ಊರಿನ ಬಿಳಿಯ ಹುಡುಗರು ಫೋರ್ಡುಗಳ ಎಂಜಿನ್ ಬಲಪಡಿಸಿ, ಒಣಗಿದ ಕೆರೆಗಳ ಅಂಗಳದಲ್ಲಿ ರೇಸ್ ಓಡಿಸುತ್ತಿದ್ದರು. ಇವರು ಅದಕ್ಕೆ ತದ್ವಿರುದ್ಧ. ವೇಗ ಬೇಡ, ಹತ್ತು ಜನ ನೋಡಬೇಕು, ಹಿಂದಿನ ಸೀಟಿನಲ್ಲಿ ಹುಡುಗಿಯೊಬ್ಬಳು ಕೂತಿರಬೇಕು, ರೇಡಿಯೊ ಹಾಡಬೇಕು. ಮೆರವಣಿಗೆಯ ಗುಣ ಇದರಲ್ಲಿ ಹುಟ್ಟಿನಿಂದಲೇ ಇತ್ತು. ಹಾಗಾಗಿ ಸುಖಪ್ರಯಾಣ ಅನ್ನುವುದು ಇವರ ಲೆಕ್ಕದಲ್ಲೇ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಿಧಾನಕ್ಕೆ ಹೋಗುವವನಿಗೆ ರಸ್ತೆಯ ಪ್ರತಿ ಬಿರುಕೂ ಗೊತ್ತಾಗುತ್ತದೆ.

ಕಾರನ್ನು ಇಳಿಸುವ ಮೊದಮೊದಲಿನ ಉಪಾಯಗಳು ಬಡವರ ಉಪಾಯಗಳು. ಡಿಕ್ಕಿಯಲ್ಲಿ ಮರಳಿನ ಚೀಲ, ಸಿಮೆಂಟ್ ಚೀಲ, ಇಟ್ಟಿಗೆ. ಭಾರಕ್ಕೆ ಹಿಂಭಾಗ ಕೂರುತ್ತಿತ್ತು. ಸ್ವಲ್ಪ ಧೈರ್ಯ ಇದ್ದವರು ಕಾಯಿಲ್ ಸ್ಪ್ರಿಂಗಿನ ಒಂದೋ ಎರಡೋ ಸುತ್ತು ಕತ್ತರಿಸಿ ತೆಗೆಯುತ್ತಿದ್ದರು. ಇಲ್ಲವೇ ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ತಾನಾಗಿ ಕುಸಿಯಲು ಬಿಡುತ್ತಿದ್ದರು. ಹಿಂದೆ ಕಮಾನು ಪಟ್ಟಿ ಇದ್ದ ಕಾರುಗಳಲ್ಲಿ ಪಟ್ಟಿಗೂ ಆಕ್ಸೆಲ್ಲಿಗೂ ನಡುವೆ ಕಬ್ಬಿಣದ ಕಟ್ಟೆ ಕೊಟ್ಟು ಬೋಲ್ಟು ಬಿಗಿಯುತ್ತಿದ್ದರು.

ಇಲ್ಲೊಂದು ಮೋಜು ಇದೆ, ಅದನ್ನು ಹೇಳದೆ ಮುಂದೆ ಹೋಗಲು ನನ್ನ ಕಸುಬು ಬಿಡುವುದಿಲ್ಲ. ಸ್ಪ್ರಿಂಗಿನ ಸುತ್ತು ಕತ್ತರಿಸಿದರೆ ಕಾರು ಇಳಿಯುತ್ತದೆ, ಸ್ಪ್ರಿಂಗು ಗಡುಸಾಗುತ್ತದೆ. ಸುತ್ತು ಕಡಿಮೆಯಾದಷ್ಟೂ ಒಂದೊಂದು ಸುತ್ತು ಹೆಚ್ಚು ಬಾಗಬೇಕಲ್ಲ, ಅದಕ್ಕೆ. ಮರಳಿನ ಚೀಲ ಹೇರಿದಾಗ ಹಾಗಾಗುವುದಿಲ್ಲ. ಸ್ಪ್ರಿಂಗು ಇದ್ದದ್ದೇ, ಭಾರ ಹೆಚ್ಚು. ಆದ್ದರಿಂದ ತೂಗಾಟ ನಿಧಾನವಾಗುತ್ತದೆ. ಲೆಕ್ಕ ಸರಳ. ಕಾರಿನ ಭಾರಕ್ಕೆ ಸ್ಪ್ರಿಂಗು 25 ಸೆಂಟಿಮೀಟರ್ ಕುಗ್ಗಿ ನಿಂತರೆ ಅದು ಸೆಕೆಂಡಿಗೆ ಒಂದು ಸಲ ತೂಗುತ್ತದೆ. 11 ಸೆಂಟಿಮೀಟರ್ ಕುಗ್ಗಿದರೆ ಒಂದೂವರೆ ಸಲ. 6 ಸೆಂಟಿಮೀಟರ್ ಮಾತ್ರ ಕುಗ್ಗಿದರೆ ಎರಡು ಸಲ. ಒಂದರಿಂದ ಒಂದೂವರೆಯ ಒಳಗೆ ಮನುಷ್ಯನ ಮೈಗೆ ಹಿತ. ಎರಡು ದಾಟಿದರೆ ಹೊಟ್ಟೆ ಕುಲುಕುತ್ತದೆ. ಜನರಲ್ ಮೋಟರ್ಸಿನ ಮಾರಿಸ್ ಆಲಿ ಅನ್ನುವ ಎಂಜಿನಿಯರ್ 1930ರ ದಶಕದಲ್ಲೇ ಇಂಥ ಲೆಕ್ಕಗಳನ್ನು ಕಾರಿಗೆ ಹೊಂದಿಸಿ ನೋಡಿದ್ದರು. ಹೀಗೆ ನೋಡಿದರೆ ಇಡೀ ಪೂರ್ವ ಲಾಸ್ ಏಂಜಲೀಸಿನಲ್ಲಿ ಅತ್ಯಂತ ಮೆತ್ತಗೆ ಹೋಗುತ್ತಿದ್ದದ್ದು ಅತ್ಯಂತ ಬಡವನ ಮರಳು ತುಂಬಿದ ಕಾರು. ಹಳ್ಳ ಬರುವ ತನಕ ಮಾತ್ರ. ಹಳ್ಳ ಬಂದರೆ ಆಕ್ಸೆಲ್ಲಿಗೆ ಮೇಲೇರಲು ಜಾಗವೇ ಉಳಿದಿರುತ್ತಿರಲಿಲ್ಲ. ಹೋಗಿ ಚಾಸಿಗೆ ಹೊಡೆಯುತ್ತಿತ್ತು. ಇಳಿಸಿದ ಕಾರಿನ ಮೂಲ ತೊಂದರೆ ಅಂದಿಗೂ ಇಂದಿಗೂ ಇದೇ: ಸ್ಪ್ರಿಂಗು ಮೆದುವಾಗಿರಬೇಕಾದರೆ ಓಡಾಡಲು ಜಾಗ ಬೇಕು, ಜಾಗವನ್ನೇ ನಾವು ತಿಂದು ಹಾಕಿರುತ್ತೇವೆ.

1958ರ ಕಾನೂನು ಬಂದಾಗ ಈ ಯಾವ ಉಪಾಯವೂ ನಡೆಯದಂತಾಯಿತು. ಕತ್ತರಿಸಿದ ಸ್ಪ್ರಿಂಗನ್ನು ಪೊಲೀಸರ ಎದುರು ಬೆಳೆಸಲು ಬರುವುದಿಲ್ಲ. 1959ರಲ್ಲಿ ರಾನ್ ಅಗಿರೆ ಅನ್ನುವ ತರುಣ ತನ್ನ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪು, ವಾಲ್ವು ಜೋಡಿಸಿ, ಕೂತಲ್ಲಿಂದಲೇ ಸ್ವಿಚ್ಚು ಒತ್ತಿ ಕಾರನ್ನು ಏರಿಸುವ ಇಳಿಸುವ ವ್ಯವಸ್ಥೆ ಮಾಡಿಕೊಂಡ. ಆ ಕಾರಿನ ಹೆಸರು ಎಕ್ಸ್-ಸಾನಿಕ್. ತಂದೆ ಮಗ ಸೇರಿ ಮಾಡಿದ ಕೆಲಸ ಅದು. ಪೊಲೀಸ್ ಕಂಡರೆ ಕಾರು ಎದ್ದು ನಿಲ್ಲುತ್ತಿತ್ತು, ತಿರುವು ದಾಟಿದರೆ ಮತ್ತೆ ಕೂರುತ್ತಿತ್ತು. ಅವನಿಗಿಂತ ಮುಂಚೆ ಯಾರಾದರೂ ಮಾಡಿದ್ದರೇ ಅನ್ನುವ ಬಗ್ಗೆ ಹಳಬರಲ್ಲಿ ವಾದ ಇದೆ. ಲಾಂಗ್ ಬೀಚಿನ ಜಿಮ್ ಲೋಗ್ ಹೆಸರು ಕೆಲವರು ಹೇಳುತ್ತಾರೆ. ಆ ವಾದ ಅವರಿಗೇ ಇರಲಿ. ಆ ಪಂಪು ಅವರ ಕೈಗೆ ಹೇಗೆ ಬಂತು ಅನ್ನುವುದು ನನಗೆ ಹೆಚ್ಚು ರುಚಿಸುವ ವಿಷಯ.

ಯುದ್ಧ ಕಾಲದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಅಂದರೆ ವಿಮಾನ ಕಾರ್ಖಾನೆಗಳ ಸೀಮೆ. ಡಗ್ಲಸ್, ಲಾಕ್‌ಹೀಡ್, ನಾರ್ತ್ ಅಮೆರಿಕನ್ ಎಲ್ಲವೂ ಅಲ್ಲೇ. ಯುದ್ಧ ಮುಗಿದ ಮೇಲೆ ಬಿಡಿಭಾಗಗಳು ರಾಶಿರಾಶಿಯಾಗಿ ಸರ್‌ಪ್ಲಸ್ ಅಂಗಡಿಗಳಿಗೆ ಬಂದು ಬಿದ್ದವು. ಚಕ್ರ ಮಡಚಲು, ಫ್ಲ್ಯಾಪ್ ಇಳಿಸಲು, ಬಾಂಬು ಕೋಣೆಯ ಬಾಗಿಲು ತೆರೆಯಲು ಇದ್ದ ಪಂಪುಗಳು ಅವು. ಲೋರೈಡರ್ ಜನರ ಬಾಯಲ್ಲಿ ಇಂದಿಗೂ ಇರುವ ಹೆಸರು ಪೆಸ್ಕೊ. ಎರಡು ಹಲ್ಲುಚಕ್ರ ಒಂದಕ್ಕೊಂದು ಕಚ್ಚಿ ತಿರುಗುವ ಪುಟ್ಟ ಪಂಪು. ಮುಷ್ಟಿಯಲ್ಲಿ ಹಿಡಿಯಬಹುದಾದ ವಸ್ತುವಿನಿಂದ ಚದರ ಇಂಚಿಗೆ ಸಾವಿರ ಪೌಂಡಿನ ಆಸುಪಾಸು ಒತ್ತಡ. ಎಣ್ಣೆಯನ್ನು ತೊಟ್ಟಿಗೆ ವಾಪಸು ಬಿಡುವ ಚೌಕಾಕಾರದ ವಾಲ್ವು ಏಡೆಲ್ ಕಂಪನಿಯದು, ಅದೂ ವಿಮಾನದ್ದೇ. ವಿಮಾನದ ಮೋಟರು 24 ವೋಲ್ಟಿನದು, ಹಾಗಾಗಿ ಬ್ಯಾಟರಿ ಒಂದಕ್ಕೊಂದು ಸರಣಿಯಾಗಿ ಜೋಡಿಸುವ ಅಭ್ಯಾಸವೂ ಅಲ್ಲಿಂದಲೇ ಶುರುವಾಯಿತು.

ಅದೇ ಹೊತ್ತಿಗೆ ನಮ್ಮ ಕಡೆಯೂ ಅಮೆರಿಕನ್ ಗುಜರಿಯ ಮೇಲೆ ಒಂದು ದೊಡ್ಡ ಕೆಲಸ ನಡೆದಿತ್ತು. ಯುದ್ಧದ ಕೊನೆಗೆ ಬಿ-24 ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. 1948ರಿಂದ ಹಿಂದುಸ್ತಾನ್ ಏರ್‌ಕ್ರಾಫ್ಟಿನವರು ಅವನ್ನು ಅಲ್ಲೇ ಹಾರುವಷ್ಟು ತೇಪೆ ಹಾಕಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು ಸರಿಪಡಿಸಿದರು. ನಲವತ್ತಕ್ಕೂ ಹೆಚ್ಚು. ವಾಯುಪಡೆ ಅವುಗಳನ್ನು 1968ರ ತನಕ ಬಳಸಿತು. ನಾನು ಸೇರುವ ಹೊತ್ತಿಗೆ ಅದೆಲ್ಲ ಹಳೇ ಕತೆ. ಆದರೆ ನಮಗೆ ಕೆಲಸ ಕಲಿಸಿದ ಮೇಸ್ತ್ರಿಗಳಲ್ಲಿ ಲಿಬರೇಟರಿನ ಪೈಪು ಬಗ್ಗಿಸಿದವರಿದ್ದರು. ಹಾಗಾಗಿ ಮಾಂಟೆಬೆಲ್ಲೊದಲ್ಲಿ ಯಾರಾದರೂ ಈ ಪಂಪನ್ನು ‘ಗುಜರಿಯಿಂದ ತಂದದ್ದು’ ಅಂತ ಸ್ವಲ್ಪ ಸಂಕೋಚದಿಂದ ಹೇಳಿದರೆ ನನಗೆ ನಗು ಬರುತ್ತದೆ. ನಮ್ಮ ದೇಶದ ಭಾರಿ ಬಾಂಬರು ಪಡೆಯೇ ಗುಜರಿಯಿಂದ ಎದ್ದು ಬಂದದ್ದು.

ಕಾನೂನು ಬಂದ ವರ್ಷವೇ ಶೆವ್ರೊಲೆ ಇಂಪಾಲ ಬಂತು. 1958ರಿಂದ 1964ರ ತನಕದ ಮಾದರಿಗಳ ಚಾಸಿ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದ್ದು. ಪಕ್ಕದಲ್ಲಿ ಉದ್ದದ ತೊಲೆ ಇಲ್ಲ, ಹಾಗಾಗಿ ಬಾಡಿ ಇನ್ನೂ ಕೆಳಗೆ ಕೂರಬಲ್ಲದು. ನಾಲ್ಕು ಮೂಲೆಗೂ ಕಾಯಿಲ್ ಸ್ಪ್ರಿಂಗು ಇದ್ದುದರಿಂದ ಸ್ಪ್ರಿಂಗಿನ ತಲೆಯ ಮೇಲೆ ಸಿಲಿಂಡರ್ ಕೂರಿಸುವುದು ಸುಲಭ. ಲೋರೈಡರ್ ಅಂದರೆ ಇಂಪಾಲ ಅನ್ನುವಂತಾದದ್ದು ಹೀಗೆ. ಇನ್ನೊಂದು ವಿಚಿತ್ರ ಕೇಳಿ. ಅದೇ 1958ರಲ್ಲಿ ಶೆವ್ರೊಲೆ ಕಂಪನಿ ತಾನೇ ಸ್ಪ್ರಿಂಗಿನ ಬದಲು ಗಾಳಿ ಚೀಲ ಹಾಕಿದ ‘ಲೆವೆಲ್ ಏರ್’ ಅನ್ನುವ ಸಸ್ಪೆನ್ಷನ್ನನ್ನು ಹೆಚ್ಚಿನ ದುಡ್ಡಿಗೆ ಮಾರಲು ಇಟ್ಟಿತ್ತು. ಗಾಳಿ ಸೋರಿತು, ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ನೆಲ ಹಿಡಿದಿರುತ್ತಿತ್ತು. ಕೊಂಡವರಲ್ಲಿ ಹೆಚ್ಚಿನವರು ಕಿತ್ತು ಹಾಕಿಸಿ ಮಾಮೂಲಿ ಸ್ಪ್ರಿಂಗಿಗೆ ಮರಳಿದರು. ಒಂದೆರಡು ವರ್ಷದಲ್ಲೇ ಅದು ಪಟ್ಟಿಯಿಂದ ಮಾಯವಾಯಿತು. ಕಂಪನಿಯ ಗಿರಾಕಿಗಳು ಬೈದುಕೊಂಡು ಕಿತ್ತು ಹಾಕಿಸುತ್ತಿದ್ದ ಗುಣವನ್ನೇ ಪಕ್ಕದ ಕೇರಿಯ ಹುಡುಗರು ಬೆವರು ಸುರಿಸಿ ಅಳವಡಿಸಿಕೊಳ್ಳುತ್ತಿದ್ದರು.

ಸರಿ, ಪಂಪು ಬಂತು, ಕಾರು ಏರಿತು, ಇಳಿಯಿತು. ಸವಾರಿ ಹೇಗಿತ್ತು? ಕಲ್ಲಿನಂತಿತ್ತು. ಎಣ್ಣೆ ಕುಗ್ಗುವುದಿಲ್ಲ, ಹೈಡ್ರಾಲಿಕ್ಸಿನ ಬಲವೂ ಅದೇ, ಬವಣೆಯೂ ಅದೇ. ವಾಲ್ವು ಮುಚ್ಚಿದ ಮೇಲೆ ಸಿಲಿಂಡರಿನಲ್ಲಿ ನಿಂತ ಎಣ್ಣೆ ಕಬ್ಬಿಣದ ಗೂಟಕ್ಕೆ ಸಮ. ಸಿಲಿಂಡರಿಗೆ ಜಾಗ ಬೇಕಾದ್ದರಿಂದ ಅದರ ಕೆಳಗಿನ ಸ್ಪ್ರಿಂಗನ್ನು ಮೋಟು ಮಾಡಿರುತ್ತಾರೆ, ಶಾಕ್ ಅಬ್ಸಾರ್ಬರನ್ನು ಬಹಳ ಕಡೆ ತೆಗೆದೇ ಹಾಕಿರುತ್ತಾರೆ. ನನ್ನ ಕಸುಬಿನ ಕಣ್ಣಿಗೆ ಅದು ಜಾಕು. ಜಾಕಿನ ಮೇಲೆ ಕಾರು ಓಡಿಸಿದರೆ ಏನಾಗಬೇಕೋ ಅದಾಗುತ್ತಿತ್ತು.

ಇದಕ್ಕೆ ಉತ್ತರ ಆಗಲೇ ಪ್ಯಾರಿಸಿನ ರಸ್ತೆಗಳಲ್ಲಿ ಓಡಾಡುತ್ತಿತ್ತು. 1955ರ ಅಕ್ಟೋಬರಿನಲ್ಲಿ ಸಿಟ್ರೊಯೆನ್ ಕಂಪನಿ ಡಿಎಸ್ ಕಾರನ್ನು ಹೊರತಂದಿತು. ಅದರ ಸಸ್ಪೆನ್ಷನ್ ರೂಪಿಸಿದ ಪಾಲ್ ಮಾಜೆಸ್ ಎಂಜಿನಿಯರಿಂಗ್ ಕಾಲೇಜಿಗೆ ಹೋದವರಲ್ಲ; ಹದಿನೇಳನೇ ವಯಸ್ಸಿಗೆ ಕಂಪನಿ ಸೇರಿ, ಕೆಲಸದಲ್ಲೇ ಕಲಿತವರು. ಫಿಟ್ಟರ್ ಜಾತಿಯವನಾದ ನನಗೆ ಇದು ಹೆಮ್ಮೆಯ ವಿಷಯ ಅಂತ ಬೇರೆ ಹೇಳಬೇಕಿಲ್ಲ. ಪ್ರತಿ ಚಕ್ರಕ್ಕೂ ಸಣ್ಣ ತೆಂಗಿನಕಾಯಿ ಗಾತ್ರದ ಒಂದು ಉಕ್ಕಿನ ಗುಂಡು. ಒಳಗೆ ರಬ್ಬರಿನ ಪರದೆ. ಪರದೆಯ ಆಚೆ ಒತ್ತಿ ತುಂಬಿದ ನೈಟ್ರೋಜನ್, ಈಚೆ ಎಣ್ಣೆ. ಚಕ್ರ ಮೇಲೆದ್ದರೆ ಎಣ್ಣೆ ಗುಂಡಿನೊಳಗೆ ನುಗ್ಗುತ್ತದೆ, ಗ್ಯಾಸು ಕುಗ್ಗುತ್ತದೆ. ಸ್ಪ್ರಿಂಗು ಅಂದರೆ ಆ ಗ್ಯಾಸೇ. ಗುಂಡಿನ ಕತ್ತಿನಲ್ಲಿ ಎಣ್ಣೆ ಹಾಯುವ ಕಿರಿದಾದ ತೂತು. ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವನ್ನು ಆ ತೂತು ಮಾಡುತ್ತದೆ. ಎತ್ತರ ಬದಲಿಸಲು ಚಾಲಕನ ಕೈಗೆ ಒಂದು ಹಿಡಿಕೆ. ಎತ್ತರಕ್ಕೆ ಎಣ್ಣೆ, ಮೆದುವಿಗೆ ಗ್ಯಾಸು ಅಂತ ಎರಡು ಕೆಲಸವನ್ನು ಎರಡು ವಸ್ತುವಿಗೆ ಹಂಚಿದ್ದು ಮಾಜೆಸ್ ಮಾಡಿದ ಜಾಣತನ.

ಈ ವಿದ್ಯೆಗೆ ಪ್ಯಾರಿಸಿನ ತನಕ ಹೋಗಬೇಕಾಗಿಯೂ ಇರಲಿಲ್ಲ. ಪೆಸ್ಕೊ ಪಂಪು ಇದ್ದಂಥ ವಿಮಾನಗಳಲ್ಲೇ ಅಕ್ಯುಮ್ಯುಲೇಟರ್ ಇರುತ್ತಿತ್ತು: ಒಂದು ಬದಿ ಗ್ಯಾಸು, ಒಂದು ಬದಿ ಎಣ್ಣೆ ಇರುವ ಉಕ್ಕಿನ ಪಾತ್ರೆ. ಸಿಟ್ರೊಯೆನ್ನಿನ ಗುಂಡಿಗೆ ಅದು ಸಾಕ್ಷಾತ್ ಅಣ್ಣ. ವಿಮಾನ ನೆಲಕ್ಕಿಳಿಯುವ ಕಾಲಿನೊಳಗೂ ಗ್ಯಾಸು, ಎಣ್ಣೆ ಎರಡೂ ಇರುತ್ತವೆ. ಅಂದರೆ ಅಗಿರೆಯ ಓರಗೆಯವರು ಗುಜರಿ ವಿಮಾನದಿಂದ ಪಂಪು ತಂದರು, ವಾಲ್ವು ತಂದರು, ಪಕ್ಕದಲ್ಲಿದ್ದ ಗ್ಯಾಸಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಬಂದರು. ತಿಳಿಯದೆ ಬಿಟ್ಟರು ಅಂತ ನನಗನ್ನಿಸುವುದಿಲ್ಲ. ಅವರ ತಲೆಯಲ್ಲಿದ್ದ ಪ್ರಶ್ನೆ ಪೊಲೀಸಿನವನದು. ಪೊಲೀಸಿನವನು ಅಳೆಯುತ್ತಿದ್ದದ್ದು ಎತ್ತರ. ಅಷ್ಟಕ್ಕೆ ಪಂಪು ಸಾಕು.

ಆಮೇಲೆ 1970ರ ದಶಕ ಬಂತು, ಪ್ರಶ್ನೆಯೇ ಬದಲಾಯಿತು. ವಿಮಾನದ ಗುಜರಿ ಬರಿದಾಗುತ್ತಿದ್ದಂತೆ ಲಾರಿಗಳ ಹಿಂಬದಿಯ ಸರಕೆತ್ತುವ ಹಲಗೆಯ ಪಂಪುಗಳನ್ನು ಹಾಕತೊಡಗಿದ್ದರು. ಬ್ಯಾಟರಿ ಹೆಚ್ಚಿಸಿದರೆ ಪಂಪು ಎಣ್ಣೆಯನ್ನು ಎಷ್ಟು ಬಿರುಸಾಗಿ ತಳ್ಳುತ್ತದೆಂದರೆ ಕಾರಿನ ಮುಂಭಾಗ ನೆಲ ಬಿಟ್ಟು ನೆಗೆಯುತ್ತದೆ. ನೆಗೆಸುವುದೇ ಪಂದ್ಯವಾಯಿತು. 1975ರಲ್ಲಿ ವಾರ್ ತಂಡದ ‘ಲೋ ರೈಡರ್’ ಹಾಡು ದೇಶವೆಲ್ಲ ಮೊಳಗಿತು. 1977ರಲ್ಲಿ ಸ್ಯಾನ್ ಹೊಸೆ ಊರಿನಿಂದ ‘ಲೋ ರೈಡರ್’ ಪತ್ರಿಕೆ ಹೊರಟಿತು. ಇಂಪೀರಿಯಲ್ಸ್ ಕಾರ್ ಕ್ಲಬ್ಬಿನ ಜೆಸ್ಸಿ ವಲಾಡೆಸ್ ಅವರ ಗುಲಾಬಿ ಬಣ್ಣದ, ಮೈತುಂಬ ಗುಲಾಬಿ ಹೂ ಬರೆಸಿಕೊಂಡ 1964ರ ಇಂಪಾಲ, ಅದರ ಹೆಸರು ಜಿಪ್ಸಿ ರೋಸ್, ‘ಚಿಕೊ ಅಂಡ್ ದ ಮ್ಯಾನ್’ ಟೀವಿ ಧಾರಾವಾಹಿಯ ಆರಂಭದಲ್ಲಿ ವಾರವಾರ ಕಾಣಿಸಿತು. ಅದೇ ಕಾರನ್ನು 2017ರಲ್ಲಿ ವಾಷಿಂಗ್ಟನ್ನಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ರಾಷ್ಟ್ರದ ಚಾರಿತ್ರಿಕ ವಾಹನ ಅಂತ ಪ್ರದರ್ಶಿಸಿದರು. ಆದರೆ ಅದರ ಊರಿನ ವಿಟ್ಟಿಯರ್ ಬುಲೆವಾರ್ಡಿನಲ್ಲಿ ಹೀಗೆ ಮೆಲ್ಲಗೆ ತಿರುಗುವುದನ್ನೇ ಪೊಲೀಸರು 1979ರಲ್ಲಿ ನಿಲ್ಲಿಸಿಬಿಟ್ಟಿದ್ದರು.

ನೆಗೆತದ ಈ ಹುಚ್ಚು ಸುಖಪ್ರಯಾಣವನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತು ಅನ್ನುವುದು ನನ್ನ ಅಭಿಪ್ರಾಯ. ನೆಗೆಯಲು ಸ್ಪ್ರಿಂಗು ಗಡುಸಾಗಿರಬೇಕು. ಪಂಪಿನ ಏಟು ನಡುವೆ ಎಲ್ಲೂ ಸೋರದೆ ನೇರ ಚಕ್ರಕ್ಕೆ ಹೋಗಬೇಕು. ಗ್ಯಾಸಿನ ಪಾತ್ರೆ ಜೋಡಿಸಿದರೆ ಅದು ಏಟನ್ನೆಲ್ಲ ನುಂಗಿಬಿಡುತ್ತದೆ. ಪಂದ್ಯ ಗೆಲ್ಲಬೇಕಾದವನು ಅದನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಯಾವ ಕಸುಬಿನಲ್ಲೂ ಗೆದ್ದವನ ಗಾಡಿಯನ್ನೇ ಉಳಿದವರು ನಕಲು ಮಾಡುವುದು. ಹೀಗೆ ಜೀವಮಾನದಲ್ಲಿ ಒಮ್ಮೆಯೂ ನೆಗೆಸದವನ ಕಾರಿನಲ್ಲೂ ನೆಗೆತದ ಸ್ಪ್ರಿಂಗು ಬಂದು ಕೂತಿತು.

ವಿಟ್ಟಿಯರ್ ಬುಲೆವಾರ್ಡಿನಿಂದ ಎರಡು ಬೀದಿ ಒಳಗೆ ಒಂದು ಶೆಡ್ಡಿದೆ. ಪಂಪಿನ ಸದ್ದು ಹಿಡಿದು ಹೋದ ನನ್ನನ್ನು ಅದರ ಯಜಮಾನರು ಮೊದಲು ಯಾರೋ ದಾರಿ ತಪ್ಪಿದ ಮುದುಕ ಅಂದುಕೊಂಡರು. ವಿಮಾನದ ಹೈಡ್ರಾಲಿಕ್ಸ್ ಮಾಡುತ್ತಿದ್ದೆ ಅಂದದ್ದೇ ತಡ ಕುರ್ಚಿ ಬಂತು, ಕಾಫಿ ಬಂತು. ವಯಸ್ಸು ನನ್ನದೇ. ಅವರ 1963ರ ಇಂಪಾಲದ ಡಿಕ್ಕಿ ತೆರೆದರೆ ಆರು ಬ್ಯಾಟರಿ, ಕನ್ನಡಿಯಂಥ ಕ್ರೋಮಿನ ಎರಡು ಪಂಪು, ತಾಮ್ರದ ಪೈಪಿನ ಒಂದೊಂದು ಬಾಗೂ ಸ್ಕೇಲಿಟ್ಟು ಅಳೆದಂತೆ. ಇಂಥ ಪೈಪು ಬಗ್ಗಿಸಿದವನನ್ನು ನಮ್ಮ ವಿಭಾಗದಲ್ಲಿ ಕಣ್ಣು ಮುಚ್ಚಿ ಪಾಸು ಮಾಡುತ್ತಿದ್ದರು. ಆದರೆ ಅವರ ಸಮಸ್ಯೆ ಬೇರೆ. ಮೊಮ್ಮಗಳಿಗೆ ಹದಿನೈದು ತುಂಬುತ್ತಿತ್ತು. ಅಲ್ಲಿ ಆ ಹುಟ್ಟುಹಬ್ಬವನ್ನು ಮದುವೆಯಷ್ಟೇ ಜೋರಾಗಿ ಮಾಡುತ್ತಾರೆ, ಹುಡುಗಿ ಇಂಥ ಕಾರಿನಲ್ಲೇ ಚರ್ಚಿಗೆ ಹೋಗಬೇಕು. “ಹಿಂದಿನ ಸೀಟಲ್ಲಿ ಕೂತರೆ ತಲೆನೋವು ಬರುತ್ತೆ, ಬೇರೆ ಕಾರಲ್ಲಿ ಬರ್ತೀನಿ ಅಂತಾಳೆ,” ಅಂದರು. ಸೊಸೆಗೆ ನಗು, ಇವರಿಗೆ ಸಂಕಟ.

ನಾಲ್ಕೂ ಸಿಲಿಂಡರಿಗೆ ಅಕ್ಯುಮ್ಯುಲೇಟರ್ ಹಾಕಿಸಿದ್ದರು. ಹಾಕಿಸಿಯೂ ಸವಾರಿ ಮೊದಲಿನಷ್ಟೇ ಗಡುಸು. ಯಾಕೆ ಅಂತ ನೋಡಲು ನನಗೆ ಒಂದು ಗೇಜು ಸಾಕಾಯಿತು. ಗ್ಯಾಸಿನ ಕಡೆಯ ವಾಲ್ವು ಮುಟ್ಟದೆಯೇ ಒಳಗಿನ ಗ್ಯಾಸು ಎಷ್ಟಿದೆ ಅಂತ ಹೇಳುವ ಹಳೇ ಉಪಾಯವೊಂದಿದೆ. ಮೊದಲು ಕಾರನ್ನು ಸ್ಟ್ಯಾಂಡಿನ ಮೇಲಿಟ್ಟು ಚಕ್ರದ ಭಾರ ತೆಗೆಯಬೇಕು. ಎಣ್ಣೆ ಕಡೆ ಗೇಜು ಹಾಕಿ, ಒತ್ತಡ ಏರಿಸಿ, ಆಮೇಲೆ ವಾಲ್ವು ಕೂದಲೆಳೆಯಷ್ಟು ತೆರೆಯಬೇಕು. ಮುಳ್ಳು ನಿಧಾನವಾಗಿ ಇಳಿಯುತ್ತ ಬರುತ್ತದೆ, ಇಳಿಯುತ್ತ ಬರುತ್ತದೆ, ಯಾವುದೋ ಒಂದು ಅಂಕದಲ್ಲಿ ಧಡಕ್ಕನೆ ಸೊನ್ನೆಗೆ ಬೀಳುತ್ತದೆ. ಬೀಳುವ ಮುಂಚೆ ಇದ್ದ ಅಂಕವೇ ಗ್ಯಾಸಿನ ಒತ್ತಡ. ಯಾಕೆಂದರೆ ಅಲ್ಲಿಗೆ ಪಾತ್ರೆಯ ಎಣ್ಣೆಯೆಲ್ಲ ಹೊರಬಂದು, ಗ್ಯಾಸಿಗೂ ಎಣ್ಣೆಗೂ ನಡುವಿನ ಪಿಸ್ಟನ್ನು ತಳ ಮುಟ್ಟಿತು, ಇನ್ನು ದೂಡುವವರಿಲ್ಲ. ಅವರ ಕಾರಿನಲ್ಲಿ ಆ ಅಂಕ, ಕಾರಿನ ಭಾರಕ್ಕೆ ಸಿಲಿಂಡರಿನಲ್ಲಿ ನಿಲ್ಲುವ ಒತ್ತಡಕ್ಕಿಂತ ಎಷ್ಟೋ ಮೇಲಿತ್ತು. ಅಂದರೆ ಎಣ್ಣೆಗೆ ಪಾತ್ರೆಯೊಳಗೆ ಕಾಲಿಡಲೂ ಬಲವಿರಲಿಲ್ಲ. ದುಡ್ಡು ಕೊಟ್ಟು ಹಾಕಿಸಿದ ನಾಲ್ಕು ಪಾತ್ರೆ ಡಿಕ್ಕಿಯಲ್ಲಿ ಅಲಂಕಾರಕ್ಕೆ ಕೂತಿದ್ದವು. ಹಾಕಿಕೊಟ್ಟವನು ನಾಲ್ಕಕ್ಕೂ ಒಂದೇ ಅಳತೆಯ ಗ್ಯಾಸು ತುಂಬಿ ಕಳಿಸಿದ್ದ.

ಗ್ಯಾಸು ಹೆಚ್ಚಾದರೆ ಹೀಗೆ. ಹಾಗಂತ ತೀರಾ ಕಡಿಮೆ ಮಾಡಿದರೂ ಬರುವುದಿಲ್ಲ. ಕಾರಿನ ಭಾರ ಬಿದ್ದ ಕೂಡಲೇ ಇದ್ದ ಚೂರು ಗ್ಯಾಸು ಮುದ್ದೆಯಾಗಿ ಮೂಲೆ ಸೇರುತ್ತದೆ, ಮತ್ತೆ ಗಡುಸು. ಭಾರದ ಒತ್ತಡಕ್ಕಿಂತ ಸ್ವಲ್ಪವೇ ಕಡಿಮೆ ಇಟ್ಟಾಗ ಗ್ಯಾಸಿಗೆ ಅತಿ ಹೆಚ್ಚು ಜಾಗ, ಸವಾರಿ ಅತಿ ಮೆದು. ಮುಂದೆ ಎಂಜಿನ್ನು, ಹಿಂದೆ ತಲಾ ಇಪ್ಪತ್ತು ಕೆ.ಜಿ. ಮೀರುವ ಆರು ಬ್ಯಾಟರಿ. ಮುಂದಿನ ಲೆಕ್ಕ ಬೇರೆ, ಹಿಂದಿನದು ಬೇರೆ. ತುಂಬುವುದು ನೈಟ್ರೋಜನ್ನೇ ಆಗಬೇಕು. ವೆಲ್ಡಿಂಗಿನವರ ಹತ್ತಿರ ಆಕ್ಸಿಜನ್ ಸಿಲಿಂಡರ್ ಇದೆ ಅಂತ ಅದನ್ನು ತುಂಬಲು ಹೋದರೆ, ಒತ್ತಡದಲ್ಲಿ ಎಣ್ಣೆ ಸೇರಿದರೆ, ಸ್ಫೋಟ. ನಮ್ಮ ವಿಭಾಗದ ಗೋಡೆಯ ಮೇಲೆ ಇದನ್ನು ಮೂರು ಭಾಷೆಯಲ್ಲಿ ಬರೆದಿತ್ತು. ಆ ಯಜಮಾನರ ಶೆಡ್ಡಿನಲ್ಲಿ ಈಗ ನಾಲ್ಕನೆಯ ಭಾಷೆಯಲ್ಲೂ ಬರೆದಿದೆ.

ಗ್ಯಾಸು ಸರಿಮಾಡಿದ ಮೇಲೆ ಹೊಸ ತಕರಾರು ಎದ್ದಿತು: ಕಾರು ದೋಣಿಯ ಥರ ತೇಲತೊಡಗಿತು. ನಿರೀಕ್ಷಿಸಿದ್ದೇ. ಸ್ಪ್ರಿಂಗು ಮೆದುವಾಯಿತು, ತಡೆಯಲು ಶಾಕ್ ಅಬ್ಸಾರ್ಬರ್ ಇಲ್ಲ. ಸಿಲಿಂಡರಿಗೂ ಪಾತ್ರೆಗೂ ನಡುವಿನ ಪೈಪಿನಲ್ಲಿ ಎಣ್ಣೆಯ ದಾರಿ ಕಿರಿದು ಮಾಡುವ ವಾಲ್ವು ಹಾಕಿ, ಕಾಲು ಕಾಲು ಸುತ್ತು ತಿರುಗಿಸುತ್ತ ಅದೇ ಬೀದಿಯಲ್ಲಿ ಮತ್ತೆ ಮತ್ತೆ ಓಡಿಸಿ ನೋಡಿದೆವು. ಮಾಜೆಸ್ ಗುಂಡಿನ ಕತ್ತಿನಲ್ಲಿ ಮಾಡಿದ್ದ ತೂತನ್ನೇ ನಾವು ಅಂಗಡಿಯ ವಾಲ್ವಿನಲ್ಲಿ ಮಾಡಿದ್ದು. ಪಾತ್ರೆಗೆ ಹೋಗುವ ದಾರಿಯನ್ನೇ ಪೂರ್ತಿ ಮುಚ್ಚುವ ಇನ್ನೊಂದು ವಾಲ್ವು ಬೇಕೇ ಬೇಕು ಅಂತ ಯಜಮಾನರ ಹಟ. “ಹುಡುಗರೆದುರು ಒಂದು ಸಲವಾದರೂ ನೆಗೆಸದೇ ಇರೋಕಾಗುತ್ತಾ?” ಎಂಬತ್ತರ ಹತ್ತಿರದ ಮನುಷ್ಯ. ಹಾಕಿಕೊಟ್ಟೆವು.

ಈ ಕಾರುಗಳ ಮೇಲಿನ ಕಾನೂನಿನ ಕಟ್ಟು ಇತ್ತೀಚೆಗೆ ಸಡಿಲವಾಯಿತು. ಸ್ಯಾನ್ ಹೊಸೆ ನಗರ 2022ರಲ್ಲಿ, ಸ್ಯಾನ್ ಡಿಯಾಗೊ ಪಕ್ಕದ ನ್ಯಾಷನಲ್ ಸಿಟಿ 2023ರಲ್ಲಿ ಬೀದಿಯಲ್ಲಿ ಹೀಗೆ ಮೆಲ್ಲಗೆ ತಿರುಗುವುದರ ಮೇಲಿದ್ದ ತಮ್ಮ ತಮ್ಮ ನಿಷೇಧ ಹಿಂತೆಗೆದುಕೊಂಡವು. 2024ರ ಜನವರಿ 1ರಿಂದ ಇಡೀ ರಾಜ್ಯದಲ್ಲೇ 24008ನೇ ಕಲಮು ಇಲ್ಲ. ಆದರೂ ಪಂಪನ್ನು ಯಾರೂ ಬಿಚ್ಚಿಲ್ಲ. ಬಿಚ್ಚಿದರೆ ಪೆಟ್ರೋಲ್ ಬಂಕಿನ ಇಳಿಜಾರು ಹತ್ತುವುದು ಹೇಗೆ?

ಗಾಳಿ ಚೀಲದ ಸಸ್ಪೆನ್ಷನ್ನೂ 1990ರ ದಶಕದಿಂದ ಇಂಥ ಕಾರುಗಳಿಗೆ ಮರಳಿ ಬಂದಿದೆ. ಈ ಸಲ ರಬ್ಬರು, ವಾಲ್ವು ಚೆನ್ನಾಗಿವೆ. ಎಣ್ಣೆಗಿಂತ ಮೆದು, ತೂಕ ಕಡಿಮೆ, ಡಿಕ್ಕಿ ಎಣ್ಣೆಮಯವಾಗುವುದಿಲ್ಲ. ಹಳಬರಿಗೆ ಅದು ಹಿಡಿಸುವುದಿಲ್ಲ. ಕನ್ನಡ ನಾಡಿನವರಿಗೆ ಗಾಳಿ ಚೀಲದ ಸುಖ ಮೊದಲು ಸಿಕ್ಕಿದ್ದು ಬಹುಶಃ 2001ರಿಂದೀಚೆಗೆ ಹೊಸಕೋಟೆಯಲ್ಲಿ ತಯಾರಾಗಿ ಬಂದ ವೋಲ್ವೊ ಬಸ್ಸುಗಳಲ್ಲಿ. ರಾತ್ರಿ ಬಸ್ಸಿನಲ್ಲಿ ನಿದ್ದೆ ಬರುತ್ತದೆ ಅಂತ ಜನ ಆಶ್ಚರ್ಯಪಟ್ಟದ್ದು ನನಗೆ ನೆನಪಿದೆ.

ಬೆಂಗಳೂರಿನ ನನ್ನ ತಂಗಿಯ ಮಗ ಒಂದು ಹಳೇ ಸೆಡಾನ್ ಇಟ್ಟುಕೊಂಡಿದ್ದಾನೆ. ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್ ಸೆಟ್ಟು ಹಾಕಿಸಿ ನೆಲಕ್ಕೆ ಇಳಿಸಿದ್ದಾನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಓದು ಅಂದರೆ ನಗುತ್ತಾನೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅವನ ಮನೆಯೆದುರಿನ ಹಂಪು ಆ ಪುಸ್ತಕ ನೋಡಿ ಹಾಕಿದ್ದಲ್ಲ. ಮೊನ್ನೆ ಫೋನು ಮಾಡಿ, “ಮಾವ, ಶಾಕ್ಸ್ ಮೇಲೆ ತಿರುಗಿಸೋ ಗುಬುಟು ಇದೆ, ಎಷ್ಟು ಕ್ಲಿಕ್ ಇಟ್ರೆ ಮೆತ್ತಗೆ ಹೋಗುತ್ತೆ?” ಅಂದ. ಗುಬುಟು ಎಣ್ಣೆಯ ತೂತಿಗೆ ಸಂಬಂಧಪಟ್ಟದ್ದು, ಸ್ಪ್ರಿಂಗಿಗೆ ಅಲ್ಲ, ಅದನ್ನು ಆಮೇಲೆ ನೋಡೋಣ ಅಂದೆ. ಮೊದಲು ಶಾಕಿನ ರಾಡಿಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟು, ಬುಡಕ್ಕೆ ಸರಿಸಿಡು, ಮನೆಯಿಂದ ಮೇನ್ ರೋಡಿಗೆ ಹೋಗಿ ಬಾ, ಟೈ ಎಲ್ಲಿ ನಿಂತಿದೆ ನೋಡು. ಮೇಲಿನ ರಬ್ಬರ್ ತುಂಡಿಗೆ ಮುಟ್ಟಿದ್ದರೆ ನೀನು ಕೂತಿರುವುದು ಸ್ಪ್ರಿಂಗಿನ ಮೇಲಲ್ಲ, ಆ ರಬ್ಬರಿನ ಮೇಲೆ. ಎರಡು ಬೆರಳು ಎತ್ತರ ಏರಿಸು, ಆಮೇಲೆ ಫೋನು ಮಾಡು.

ಅರ್ಧ ಗಂಟೆಯಲ್ಲೇ ಫೋಟೊ ಬಂತು. ಟೈ ರಬ್ಬರಿಗೆ ಒತ್ತಿಕೊಂಡು ನಿಂತಿತ್ತು. ಕೆಳಗೆ ಒಂದು ಸಾಲು: “ಎತ್ತರ ಏರಿಸಲ್ಲ ಮಾವ. ಏರ್ ಸಸ್ಪೆನ್ಷನ್ನಿಗೆ ಎಷ್ಟಾಗಬಹುದು?”